ಅಂಕಿತನಾಮವೂ ಹಸ್ತಪ್ರತಿಯ ಸಾಕ್ಷ್ಯವೂ: ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಹೆಸರುಗಳ ಹಿನ್ನೆಲೆಯಲ್ಲಿ

ಓಲೆಯ ಕಟ್ಟಿನ ಕೊನೆಯ ಗರಿಯಲ್ಲಿ, ಗ್ರಂಥವು ಮುಗಿದ ಮೇಲೆ, ಹಲವು ವೇಳೆ ಒಂದೆರಡು ಸಾಲುಗಳು ಉಳಿದಿರುತ್ತವೆ. ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳನ್ನು ಹೇಳಿ, ಇಂಥ ಊರಿನ ಇಂಥವರ ಮಗನಾದ ಇಂಥವನು ಇಂಥವರಿಗಾಗಿ ಬರೆದನೆಂದು ತಿಳಿಸುವ ಸಾಲುಗಳಿವು. ಗ್ರಂಥಕರ್ತನ ಕಾಲದೇಶಗಳ ವಿಷಯದಲ್ಲಿ ದೀರ್ಘವಾದ ಚರ್ಚೆಗಳು ನಡೆದಿವೆ. ಆದರೆ ಈ ಸಾಲುಗಳಲ್ಲಿ ಬರುವ ಲಿಪಿಕಾರನ ಹೆಸರು, ಬರೆಯಿಸಿದ ಶ್ರಾವಿಕೆಯ ಹೆಸರು, ಶಾಸ್ತ್ರದಾನವನ್ನು ಪಡೆದ ಮುನಿಗಳ ಹೆಸರು ಅಷ್ಟಾಗಿ ಪರಿಶೀಲನೆಗೆ ಒಳಗಾಗುವುದಿಲ್ಲ. ಸೂಚಿಯನ್ನು ಸಿದ್ಧಪಡಿಸುವಾಗ ‘ಪಾರಿಸಣ್ಣ’ ಎಂದಿರುವುದನ್ನು ‘ಪಾರ್ಶ್ವನಾಥ’ ಎಂದೂ, ‘ಭರಮಪ್ಪ’ ಎಂದಿರುವುದನ್ನು ‘ಬ್ರಹ್ಮಪ್ಪ’ ಎಂದೂ ಶುದ್ಧಗೊಳಿಸಿ ಬರೆಯುವ ಮನಸ್ಸು ಸಂಸ್ಕೃತಾಭ್ಯಾಸವುಳ್ಳವರಿಗೆ ಸಹಜವಾಗಿಯೇ ಬರುತ್ತದೆ. ಉದ್ದೇಶ ಒಳ್ಳೆಯದೇ. ಆದರೆ ಹಾಗೆ ತಿದ್ದಿದೊಡನೆ ಆ ಮನುಷ್ಯನ ನಾಡು, ನುಡಿ, ಕಾಲಗಳಿಗೆ ಉಳಿದಿದ್ದ ಒಂದೇ ಗುರುತು ಅಳಿಸಿಹೋಗುತ್ತದೆ. ಇದಕ್ಕಿಂತ ದೊಡ್ಡ ದೋಷವೂ ಒಂದುಂಟು. ಹೆಸರನ್ನು ನೋಡಿ ಅದನ್ನು ಧರಿಸಿದವನ ಧರ್ಮವನ್ನು ನಿರ್ಣಯಿಸುವುದೇ ಅದು. ಈ ಎರಡು ದೋಷಗಳು ಹೇಗೆ ಉಂಟಾಗುತ್ತವೆ, ಅವುಗಳಿಂದ ಪಾರಾಗುವ ದಾರಿ ಯಾವುದು ಎಂಬುದನ್ನು, ಇಂದಿಗೂ ಜೀವಂತವಾಗಿರುವ ಒಂದು ಸೀಮೆಯ ಹೆಸರುಗಳನ್ನು ಮುಂದಿಟ್ಟುಕೊಂಡು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ನಾಮನಿಕ್ಷೇಪ ಮತ್ತು ಅಂಕಿತನಾಮ

ತತ್ತ್ವಾರ್ಥಸೂತ್ರದ ಮೊದಲನೆಯ ಅಧ್ಯಾಯದ ಐದನೆಯ ಸೂತ್ರವು ನಾಮ, ಸ್ಥಾಪನಾ, ದ್ರವ್ಯ, ಭಾವ ಎಂಬ ನಾಲ್ಕು ನಿಕ್ಷೇಪಗಳನ್ನು ಹೇಳುತ್ತದೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುವಂತೆ, ಯಾವ ವಸ್ತುವಿನಲ್ಲಿ ಆ ಗುಣವಿಲ್ಲವೋ ಆ ವಸ್ತುವಿಗೂ ಲೋಕವ್ಯವಹಾರದ ಸಲುವಾಗಿ ಪುರುಷನ ಇಚ್ಛೆಯಿಂದ ಇಡುವ ಸಂಜ್ಞೆಯೇ ನಾಮನಿಕ್ಷೇಪ. ಧನಪಾಲನೆಂಬುವನು ದರಿದ್ರನಾಗಿರಬಹುದು, ಇಂದ್ರನೆಂಬುವನು ಒಕ್ಕಲಿಗನಾಗಿರಬಹುದು. ಹೆಸರು ಸುಳ್ಳಾಯಿತೆಂದು ಯಾರೂ ಹೇಳುವುದಿಲ್ಲ. ಏಕೆಂದರೆ ಅದು ಗುಣವನ್ನು ಹೇಳಲು ಹೊರಟುದೇ ಅಲ್ಲ. ಕನ್ನಡ ವ್ಯಾಕರಣಕಾರನಾದ ಕೇಶಿರಾಜನೂ 13ನೆಯ ಶತಮಾನದ ತನ್ನ ಶಬ್ದಮಣಿದರ್ಪಣದಲ್ಲಿ ನಾಮಗಳನ್ನು ವಿಂಗಡಿಸುವಾಗ ರೂಢನಾಮ, ಅನ್ವರ್ಥನಾಮಗಳಿಂದ ಅಂಕಿತನಾಮವನ್ನು ಬೇರ್ಪಡಿಸಿದ್ದಾನೆ. ವ್ಯಕ್ತಿಯೊಬ್ಬನನ್ನು ಗುರುತಿಸಲು ಇಟ್ಟ ಹೆಸರು ಅಂಕಿತನಾಮ.

ಹಾಗಾದರೆ ಅಂಕಿತನಾಮಕ್ಕೆ ಅರ್ಥವೇ ಇಲ್ಲವೇ? ಹಾಗಲ್ಲ. ಧರಿಸಿದವನ ವಿಷಯದಲ್ಲಿ ಅದು ಹೆಚ್ಚೇನನ್ನೂ ಹೇಳದಿದ್ದರೂ ಇಟ್ಟವರ ವಿಷಯದಲ್ಲಿ ಬಹಳಷ್ಟನ್ನು ಹೇಳುತ್ತದೆ. ಅವರ ಹರಕೆ, ಭಯ, ಕೃತಜ್ಞತೆ, ಅವರು ನಡೆದುಕೊಳ್ಳುತ್ತಿದ್ದ ಕ್ಷೇತ್ರ, ಅವರ ನಾಲಗೆಯ ರೂಢಿ ಇವೆಲ್ಲ ಹೆಸರಿನಲ್ಲಿ ಸೇರಿಕೊಂಡಿರುತ್ತವೆ. ಹಸ್ತಪ್ರತಿಯಲ್ಲಿ ದೊರೆಯುವ ಹೆಸರನ್ನು ಈ ದೃಷ್ಟಿಯಿಂದ ನೋಡುವುದು ಯುಕ್ತ.

ಮೂರು ತಾಲ್ಲೂಕುಗಳ ಹೆಸರುಗಳು

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು ಹಲವು ನುಡಿಗಳು ಕೂಡುವ ಸೀಮೆ. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ಬರುವ ಅಲಂದೆ ಸಾಸಿರ ನಾಡಿಗೆ ಹೆಸರು ಕೊಟ್ಟ ಊರು ಇಂದಿನ ಆಳಂದ. ಆಳಂದ, ಅಫಜಲಪುರಗಳಿಗೆ ಮಹಾರಾಷ್ಟ್ರದ ಗಡಿ ತಾಗಿದೆ. ಅಫಜಲಪುರ, ಜೇವರ್ಗಿಗಳು ಭೀಮಾನದಿಯ ದಂಡೆಯ ಪ್ರದೇಶಗಳು. 1956ರವರೆಗೆ ಹೈದರಾಬಾದ್ ಸಂಸ್ಥಾನದ, ಆಮೇಲೆ ಹೈದರಾಬಾದ್ ರಾಜ್ಯದ ಭಾಗವಾಗಿದ್ದ ಈ ಸೀಮೆಯಲ್ಲಿ ಮನೆಯ ಮಾತು ಕನ್ನಡ, ಸಂತೆಯ ಮಾತಿನಲ್ಲಿ ಮರಾಠಿ, ಹಳೆಯ ದಫ್ತರಗಳಲ್ಲಿ ಉರ್ದು. ಹೆಸರುಗಳಲ್ಲಿಯೂ ಈ ಮೂರರ ಗುರುತುಗಳಿವೆ.

ಇಲ್ಲಿ ಶರಣಪ್ಪ, ಶರಣಬಸಪ್ಪ, ಶರಣಮ್ಮ ಎಂಬ ಹೆಸರುಗಳು ಮನೆಮನೆಯಲ್ಲಿಯೂ ಕೇಳಿಬರುತ್ತವೆ. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ 1746ರಲ್ಲಿ ಹುಟ್ಟಿ, ಕಲಬುರಗಿಯಲ್ಲಿ ದಾಸೋಹವನ್ನು ನಡೆಸಿ, 1822ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರ ಪ್ರಭಾವ ಇದಕ್ಕೆ ಮುಖ್ಯ ಕಾರಣ. ಮಡಿವಾಳಪ್ಪ, ಮಡಿವಾಳಮ್ಮ ಎಂಬ ಹೆಸರುಗಳು ಅದೇ ಸೀಮೆಯ ಕಡಕೋಳದ ತತ್ತ್ವಪದಕಾರ ಮಡಿವಾಳಪ್ಪನವರನ್ನು ನೆನಪಿಸುತ್ತವೆ. ಅಫಜಲಪುರದ ಕಡೆಗೆ ದತ್ತಪ್ಪ, ದತ್ತಾತ್ರೇಯ ಎಂಬ ಹೆಸರುಗಳಿಗೆ ದೇವಲ ಗಾಣಗಾಪುರದ ದತ್ತಕ್ಷೇತ್ರವೂ, ಭಾಗಪ್ಪ, ಭಾಗಮ್ಮ, ಭಾಗ್ಯವಂತಿ ಎಂಬ ಹೆಸರುಗಳಿಗೆ ಘತ್ತರಗಿಯ ದೇವಿಯೂ ಮೂಲ. ಆಳಂದದಲ್ಲಿ ಲಾಡ್ಲೆ ಮಶಾಕರ ದರ್ಗಾ ಇರುವುದರಿಂದ ಲಾಡ್ಲೆಸಾಬ, ಮಶಾಕ ಎಂಬ ಹೆಸರುಗಳು ಬಂದಿವೆ. ‘ಲಾಡ್ಲೆ’ ಎಂದರೆ ಮುದ್ದಿನವನು. ‘ಮಶಾಕ’ವು ಹಿರಿಯರು ಎಂಬರ್ಥದ ‘ಮಶಾಯಿಖ್’ ಎಂಬ ಅರಬ್ಬೀ ಶಬ್ದದ ರೂಪ, ಶೇಖ್ ಎಂಬುದರ ಬಹುವಚನ. ಕಲಬುರಗಿಯಲ್ಲಿ 1422ರಲ್ಲಿ ತೀರಿಕೊಂಡ ಸೂಫಿ ಸಂತರ ಸ್ವಂತ ಹೆಸರು ಸಯ್ಯದ್ ಮುಹಮ್ಮದ್ ಹುಸೈನಿ. ಆದರೆ ಜನರು ಮಕ್ಕಳಿಗೆ ಇಡುವುದು ಅವರ ಬಿರುದಾದ ಬಂದೇನವಾಜ್ ಎಂಬುದನ್ನು. ಬಿರುದು ಹೆಸರಾಗುವ ಈ ಕ್ರಮ ಶಾಸನಾಭ್ಯಾಸಿಗಳಿಗೆ ಹೊಸದಲ್ಲ.

ಹೆಚ್ಚು ಗಮನಿಸಬೇಕಾದವು ಸಾಯಬಣ್ಣ, ಪೀರಪ್ಪ, ಫಕೀರಪ್ಪ ಎಂಬ ಹೆಸರುಗಳು. ಇವುಗಳ ಮೊದಲ ಭಾಗ ಅರಬ್ಬೀ ಅಥವಾ ಪಾರಸೀ, ಕೊನೆಯ ಭಾಗ ಅಚ್ಚಗನ್ನಡ. ಇವನ್ನು ಧರಿಸಿದವರು ಬಹುಮಟ್ಟಿಗೆ ಹಿಂದೂ ಮನೆತನದವರು. ದರ್ಗಾಕ್ಕೆ ಹರಕೆ ಹೊತ್ತು ಪಡೆದ ಮಗುವಿಗೆ ಆ ಹೆಸರನ್ನಿಟ್ಟು ಕೃತಜ್ಞತೆಯನ್ನು ತೋರಿದರೇ ಹೊರತು ಮನೆಯ ಧರ್ಮವನ್ನು ಬದಲಿಸಿಕೊಳ್ಳಲಿಲ್ಲ. ‘ಪೀರ್’ ಎಂದರೆ ವೃದ್ಧ, ಹಿರಿಯ, ಗುರು. ಆಗಮಗಳ ‘ಥೇರ’ ಅಥವಾ ‘ಸ್ಥವಿರ’ ಎಂಬ ಮಾತಿನಲ್ಲಿಯೂ, ಕನ್ನಡದ ‘ಅಯ್ಯ’ದಲ್ಲಿಯೂ ಇರುವುದು ಇದೇ ಹಿರಿತನದ ಭಾವ. ಮುನ್ನೂರು ವರ್ಷಗಳ ಅನಂತರ ಸಾಯಬಣ್ಣನೊಬ್ಬನ ಬರಹವನ್ನು ಕಂಡ ವಿದ್ವಾಂಸನು ಅವನನ್ನು ಮುಸಲ್ಮಾನನೆಂದು ಬರೆದರೆ ಎಷ್ಟು ತಪ್ಪಾದೀತೋ, ಸಾವಿರ ವರ್ಷಗಳ ಹಿಂದಿನ ಶಂಕರನನ್ನು ಹೆಸರಿನ ಮಾತ್ರದಿಂದ ಶೈವನೆಂದು ಬರೆಯುವುದೂ ಅಷ್ಟೇ ತಪ್ಪಾದೀತು.

ಒಂದೇ ಹೆಸರಿಗೆ ಹಲವು ಮೂಲಗಳಿರುವುದೂ ಉಂಟು. ಚಂದಪ್ಪ ಎಂಬ ಹೆಸರು ಚಂದ್ರಪ್ರಭ ತೀರ್ಥಂಕರರಿಂದ ಬಂದಿರಬಹುದು, ಚಂದ್ರಶೇಖರನಿಂದ ಬಂದಿರಬಹುದು, ಭೀಮಾತೀರದ ಸನ್ನತಿಯ ಚಂದ್ರಲಾಂಬೆಯಿಂದಲೂ ಬಂದಿರಬಹುದು. ದತ್ತಪ್ಪನು ಗಾಣಗಾಪುರದ ದತ್ತನ ಹೆಸರಿನವನೋ ಜಿನದತ್ತನೆಂಬ ಹೆಸರಿನ ಸಂಕ್ಷೇಪವೋ ಎಂಬುದು ಹೆಸರಿನಿಂದ ತಿಳಿಯದು. ದೀರ್ಘವಾದ ಮನುಷ್ಯನಾಮಗಳನ್ನು ಪ್ರೀತಿಯಿಂದ ಕುಗ್ಗಿಸುವುದಕ್ಕೆ ಪಾಣಿನಿಯೇ ನಿಯಮಗಳನ್ನು ಹೇಳಿದ್ದಾನೆ; ದೇವದತ್ತನು ದೇವಿಕನಾಗುತ್ತಾನೆ, ದತ್ತನೆಂದೂ ಕರೆಯಿಸಿಕೊಳ್ಳುತ್ತಾನೆ. ಕುಗ್ಗಿದ ಹೆಸರಿನ ಬಿಟ್ಟುಹೋದ ಭಾಗವನ್ನು ಊಹೆಯಿಂದ ತುಂಬುವುದು ಸರಿಯಲ್ಲ.

ಹೆಸರಿಡುವ ನಿಮಿತ್ತಗಳು

ವೀರಸೇನಾಚಾರ್ಯರು ಧವಲಾ ಟೀಕೆಯಲ್ಲಿ ಹೆಸರಿಗೆ ಜಾತಿ, ದ್ರವ್ಯ, ಗುಣ, ಕ್ರಿಯೆ ಎಂಬ ನಿಮಿತ್ತಗಳನ್ನು ಎಣಿಸಿದ್ದಾರೆ. ದಂಡವನ್ನು ಹಿಡಿದವನು ದಂಡಿ, ಛತ್ರವನ್ನು ಹಿಡಿದವನು ಛತ್ರಿ ಎನ್ನಿಸಿಕೊಳ್ಳುವುದು ದ್ರವ್ಯನಿಮಿತ್ತದಿಂದ. ಲೋಕದಲ್ಲಿ ಕಂಡುಬರುವ ನಿಮಿತ್ತಗಳು ಇನ್ನೂ ಹಲವಾಗಿವೆ. ಅವು ದೇಶದೇಶಗಳಲ್ಲಿಯೂ ಹೋಲುತ್ತವೆ.

ಮಗುವನ್ನು ದೇವರ ಕೊಡುಗೆಯೆಂದು ತಿಳಿಯುವುದು ಮೊದಲನೆಯದು. ದೇವದತ್ತ, ಜಿನದತ್ತ ಎಂಬ ಹೆಸರುಗಳ ಅರ್ಥವೇ ಗ್ರೀಕರ ಥಿಯೊಡೋರ್, ಯೆಹೂದ್ಯರ ನಥಾನಿಯೇಲ್, ಸ್ಲಾವ್ ಜನರ ಬೋಗ್ದಾನ್, ಪಾರಸಿಯ ಖುದಾಬಕ್ಷ ಎಂಬ ಹೆಸರುಗಳಲ್ಲಿಯೂ ಇದೆ. ಹುಟ್ಟಿದ ವಾರವನ್ನು ಹೆಸರಾಗಿಸುವುದು ಎರಡನೆಯದು. ತುಳುನಾಡಿನ ಐತ, ಸೋಮ, ಅಂಗಾರ, ಗುರುವ, ತುಕ್ರ, ತನಿಯ ಎಂಬ ಹೆಸರುಗಳು ವಾರಗಳ ಹೆಸರುಗಳೇ. ಪಶ್ಚಿಮ ಆಫ್ರಿಕದ ಅಕಾನ್ ಜನರಲ್ಲಿ ಕೋಫಿ ಎಂದರೆ ಶುಕ್ರವಾರ ಹುಟ್ಟಿದವನು, ಕ್ವಾಮೆ ಎಂದರೆ ಶನಿವಾರ ಹುಟ್ಟಿದವನು. ರೋಮನ್ನರು ಐದನೆಯವನೆಂಬ ಅರ್ಥದಲ್ಲಿ ಕ್ವಿಂಟಸ್, ಆರನೆಯವನೆಂಬ ಅರ್ಥದಲ್ಲಿ ಸೆಕ್ಸ್ಟಸ್ ಎಂದು ಹೆಸರಿಟ್ಟರು.

ಮಗು ಉಳಿಯಲೆಂದು ಹೀನವಾದ ಹೆಸರಿಡುವುದು ಮೂರನೆಯದು. ಹುಟ್ಟಿದ ಮಕ್ಕಳೆಲ್ಲ ತೀರಿಕೊಂಡ ಮನೆಯಲ್ಲಿ ಮತ್ತೊಂದು ಮಗು ಹುಟ್ಟಿದರೆ ಅದನ್ನು ತಿಪ್ಪೆಯ ಮೇಲಿರಿಸಿ ಎತ್ತಿಕೊಂಡು ತಿಪ್ಪಣ್ಣ, ತಿಪ್ಪವ್ವ ಎಂದು ಕರೆಯುವ ಪದ್ಧತಿ ಉತ್ತರ ಕರ್ನಾಟಕದಲ್ಲಿ ತಿಳಿದಿರುವುದೇ. ಗುಂಡಪ್ಪ, ಕಲ್ಲಪ್ಪ ಎಂಬ ಹೆಸರುಗಳಲ್ಲಿಯೂ ಕಲ್ಲಿನಂತೆ ಗಟ್ಟಿಯಾಗಿ ಉಳಿಯಲಿ ಎಂಬ ಆಸೆಯನ್ನು ಜನರು ಕಾಣುತ್ತಾರೆ. ಕಲ್ಲಿನಾಥ, ಕಲ್ಲೇಶ್ವರ ಎಂಬ ದೇವರ ಹೆಸರೂ ಅಲ್ಲಿರಬಹುದು. ಇದು ಗ್ರಾಮೀಣರ ಮೂಢಾಚಾರವೆಂದು ಬದಿಗಿಡುವ ಮುನ್ನ ವಿಪಾಕಸೂತ್ರವನ್ನು ನೆನೆಯಬೇಕು. ಶ್ವೇತಾಂಬರರ ಹನ್ನೊಂದನೆಯ ಅಂಗವಾದ ಈ ಆಗಮದಲ್ಲಿ ಉಜ್ಝಿತಕನೆಂಬುವನ ಕಥೆ ಬರುತ್ತದೆ. ಹೆತ್ತ ಮಕ್ಕಳು ಒಂದೂ ಉಳಿಯದ ತಾಯಿ ಅವನನ್ನು ಹುಟ್ಟಿದೊಡನೆ ಕಸದ ತಿಪ್ಪೆಯಲ್ಲಿ ಹಾಕಿಸಿ ಮತ್ತೆ ಎತ್ತಿಸಿಕೊಂಡಳು. ಆದುದರಿಂದ ಅವನು ‘ಉಜ್ಝಿತ’, ಎಂದರೆ ಎಸೆಯಲ್ಪಟ್ಟವನು. ಅದೇ ಗ್ರಂಥದಲ್ಲಿ ಬಂಡಿಯ ಕೆಳಗೆ ಇಟ್ಟು ಎತ್ತಿದ ಮಗು ಶಕಟನಾದನು. ಜಪಾನಿನ ದಂಡನಾಯಕ ಹಿದೆಯೋಷಿಯು 16ನೆಯ ಶತಮಾನದ ಕೊನೆಯಲ್ಲಿ ತನ್ನ ಮೊದಲ ಮಗನನ್ನು ಎಸೆದವನೆಂಬ ಅರ್ಥದಲ್ಲಿ ಸುತೆ ಎಂದೂ, ಅವನು ತೀರಿಕೊಂಡ ಮೇಲೆ ಹುಟ್ಟಿದವನನ್ನು ಎತ್ತಿಕೊಂಡವನೆಂಬ ಅರ್ಥದಲ್ಲಿ ಹಿರೋಯಿ ಎಂದೂ ಕರೆದನು. ಮಗಧದ ಪ್ರಾಕೃತ ಕಥೆ, ಜಪಾನಿನ ಅರಮನೆ, ಭೀಮಾತೀರದ ಹಟ್ಟಿ ಮೂರರಲ್ಲಿಯೂ ಮಕ್ಕಳನ್ನು ಕಳೆದುಕೊಂಡ ಮನೆಯವರ ಭಯ ಒಂದೇ. ಹಸ್ತಪ್ರತಿಯಲ್ಲಿ ‘ತಿಪ್ಪಯ್ಯ’ ಎಂಬ ಲಿಪಿಕಾರನು ಕಾಣಿಸಿಕೊಂಡಾಗ ಅವನನ್ನು ಕೀಳು ಸ್ಥಿತಿಯವನೆಂದು ಎಣಿಸಬಾರದು. ಅವನು ಅಣ್ಣಂದಿರನ್ನೂ ಅಕ್ಕಂದಿರನ್ನೂ ಕಳೆದುಕೊಂಡ ಮನೆಯಲ್ಲಿ ಉಳಿದ ಮಗನಾಗಿರಬಹುದು.

ಆದಿಪುರಾಣದ ನಾಮಕರ್ಮ

ಜೈನರ ನಾಮಕರಣಕ್ಕೆ ಶಾಸ್ತ್ರಾಧಾರವು ರಾಷ್ಟ್ರಕೂಟರ ಕಾಲದ್ದು. ಜಿನಸೇನಾಚಾರ್ಯರ ಮಹಾಪುರಾಣದ 38ನೆಯ ಪರ್ವದಲ್ಲಿ 53 ಗರ್ಭಾನ್ವಯ ಕ್ರಿಯೆಗಳು ಹೇಳಲ್ಪಟ್ಟಿದ್ದು, ಅವುಗಳಲ್ಲಿ ಏಳನೆಯದು ನಾಮಕರ್ಮ. ಹುಟ್ಟಿದ ಹನ್ನೆರಡು ದಿನಗಳ ಅನಂತರ ಅನುಕೂಲವಾದ ದಿನದಲ್ಲಿ ಇದನ್ನು ಮಾಡಬೇಕು. ಶುಭವಾದ ಹೆಸರೊಂದನ್ನು ಆರಿಸಬಹುದು. ಅಥವಾ ಜಿನೇಂದ್ರನ 1008 ನಾಮಗಳನ್ನು ಪತ್ರಗಳಲ್ಲಿ ಬರೆದು ಘಟದಲ್ಲಿ ಹಾಕಿ, ಕೈಗೆ ಬಂದ ಪತ್ರದಲ್ಲಿರುವ ನಾಮವನ್ನು ಇಡಬಹುದು. ಇದಕ್ಕೆ ಘಟಪತ್ರವಿಧಾನವೆಂದು ಹೆಸರು.

ಈ ವಿಧಾನದ ಪರಿಣಾಮವೇನು? ಅದೇ ಪುರಾಣದ 25ನೆಯ ಪರ್ವದಲ್ಲಿರುವ ಜಿನಸಹಸ್ರನಾಮವನ್ನು ಪಠಿಸುವವರಿಗೆ ಉತ್ತರ ತಿಳಿದೇ ಇದೆ. ಮೊದಲನೆಯ ಶ್ಲೋಕದಲ್ಲಿಯೇ ಸ್ವಯಂಭೂ, ವೃಷಭ, ಶಂಭು ಎಂಬ ನಾಮಗಳು ಬರುತ್ತವೆ. ಮಾನತುಂಗಾಚಾರ್ಯರ ಭಕ್ತಾಮರಸ್ತೋತ್ರದಲ್ಲಿಯೂ ಬುದ್ಧ, ಶಂಕರ, ಧಾತೃ, ಪುರುಷೋತ್ತಮ ಎಂಬ ಹೆಸರುಗಳು ಜಿನನಿಗೇ ಸಲ್ಲುತ್ತವೆಂದು ಅರ್ಥಪೂರ್ವಕವಾಗಿ ತೋರಿಸಿದೆ. ಆದುದರಿಂದ ಶಂಕರನೆಂಬ ಶ್ರಾವಕನು ಪರಸಮಯದ ಹೆಸರನ್ನು ಎರವಲು ಪಡೆದವನೆಂದು ಹೇಳಲಾಗುವುದಿಲ್ಲ. ಯಶೋಧರಚರಿತೆಯ ಕರ್ತೃವಾದ ಜನ್ನನ ತಂದೆ ಶಂಕರ, ತಾಯಿ ಗಂಗಾದೇವಿ. ಜನ್ನನ ಸೋದರಳಿಯನೇ ಕೇಶಿರಾಜ, ಅವನ ತಂದೆ ಮಲ್ಲಿಕಾರ್ಜುನ. ಈ ನಾಲ್ಕು ಹೆಸರುಗಳನ್ನು ಮಾತ್ರ ಕೊಟ್ಟು ಮನೆತನದ ಧರ್ಮವನ್ನು ಕೇಳಿದರೆ ಜೈನರೆಂದು ಹೇಳುವವರು ವಿರಳ.

ಇದಕ್ಕೆ ಇನ್ನೂ ಹಳೆಯ ನಿದರ್ಶನಗಳು ಈ ಸೀಮೆಗೆ ಹತ್ತಿರದಲ್ಲಿಯೇ ಇವೆ. ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವು ಇದೇ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡ. ಅಲ್ಲಿ ಆಳಿದ, ಜಿನಸೇನಾಚಾರ್ಯರನ್ನು ಗುರುವಾಗಿ ಗೌರವಿಸಿದ ಅಮೋಘವರ್ಷನ ಸ್ವಂತ ಹೆಸರು ಶರ್ವ, ಎಂದರೆ ಶಿವ. ಅಮೋಘವರ್ಷ, ನೃಪತುಂಗ ಎಂಬವು ಬಿರುದುಗಳು. ಅದೇ ನಗರದಲ್ಲಿ 959ರಿಂದ 965ರವರೆಗೆ ಅಪಭ್ರಂಶ ಮಹಾಪುರಾಣವನ್ನು ರಚಿಸಿದ ಪುಷ್ಪದಂತನು ಮೊದಲು ಶಿವಭಕ್ತರಾಗಿದ್ದು ಅನಂತರ ಜೈನರಾದ ಬ್ರಾಹ್ಮಣ ದಂಪತಿಗಳ ಮಗ. ಪುಷ್ಪದಂತವೆಂಬುದು ಒಂಬತ್ತನೆಯ ತೀರ್ಥಂಕರರ ಹೆಸರೂ ಹೌದು, ಶಿವಮಹಿಮ್ನಸ್ತೋತ್ರವನ್ನು ರಚಿಸಿದನೆಂದು ಹೇಳುವ ಗಂಧರ್ವನ ಹೆಸರೂ ಹೌದು. ಹೊಯ್ಸಳರ ರಾಣಿ ಶಾಂತಲೆಯ ತಂದೆ ಮಾರಸಿಂಗಯ್ಯನು ಶೈವ, ತಾಯಿ ಮಾಚಿಕಬ್ಬೆಯು ಸಲ್ಲೇಖನ ವ್ರತದಿಂದ ದೇಹವನ್ನು ಬಿಟ್ಟ ಜಿನಭಕ್ತೆ. ಒಂದೇ ಮನೆಯಲ್ಲಿ ಎರಡು ಧರ್ಮಗಳಿದ್ದಾಗ ಮಗಳ ಹೆಸರು ಯಾವ ಪಕ್ಷಕ್ಕೆ ಸಾಕ್ಷಿಯಾದೀತು?

ಹೆಸರಿನ ರೂಪ ಮತ್ತು ಪ್ರತ್ಯಯ

ಹೆಸರಿನ ಅರ್ಥಕ್ಕಿಂತ ಅದರ ರೂಪವು ಹಸ್ತಪ್ರತಿಶಾಸ್ತ್ರಕ್ಕೆ ಹೆಚ್ಚು ಉಪಕಾರಿ. ರತ್ನನು ರನ್ನನಾದನು, ಬ್ರಹ್ಮನು ಹಳೆಯ ಕನ್ನಡದಲ್ಲಿ ಬೊಮ್ಮನಾದನು, ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಭರಮನಾದನು. ಬಸದಿಗಳ ಬ್ರಹ್ಮದೇವರನ್ನು ನಂಬಿದ ಜೈನರಲ್ಲಿ ಭರಮಪ್ಪ, ಭರಮಣ್ಣ ಎಂಬ ಹೆಸರುಗಳು ಬಹಳ; ಆದರೆ ಅದೇ ಹೆಸರು ಬೇರೆ ಸಮಾಜಗಳಲ್ಲಿಯೂ ಉಂಟು. ಪಾರ್ಶ್ವವೆಂಬುದು ಕನ್ನಡದ ಬಾಯಲ್ಲಿ ಪಾರಿಸ, ಪರಿಸ ಎಂದಾಗುತ್ತದೆ. ರಾಜಸ್ಥಾನದಿಂದ ಬಂದ ವರ್ತಕರಲ್ಲಿ ಪಾರಸಮಲ ಎಂದಾಗುತ್ತದೆ. ಬೆಳಗಾವಿ ಜಿಲ್ಲೆಯ ನಿಪ್ಪಾಣಿಯ ಬಳಿಯ ಸ್ತವನಿಧಿ ಕ್ಷೇತ್ರವು ಜನರ ಮಾತಿನಲ್ಲಿ ತವನಿಧಿ. ತವನಪ್ಪ ಎಂಬ ಹೆಸರು ಆ ಕ್ಷೇತ್ರವನ್ನು ನೆನಪಿಸುತ್ತದೆ. ಸೊಲ್ಲಾಪುರ ಸೀಮೆಯ ಹೂಮಡ ದಿಗಂಬರ ಜೈನರಲ್ಲಿ ಹೆಸರುಗಳು ‘ಚಂದ’ ಎಂದು ಮುಗಿಯುವುದು ರೂಢಿ. ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಗೆ ಕಾರಣರಾದ ಜೀವರಾಜ ಗೌತಮಚಂದ ದೋಷಿ ಅವರ ಹೆಸರೇ ಇದಕ್ಕೆ ನಿದರ್ಶನ. ಅಲ್ಲಿಯ ಗೌತಮನು ಇಂದ್ರಭೂತಿ ಗಣಧರನೆಂಬುದನ್ನು ಜೈನರಿಗೆ ಹೇಳಬೇಕಾಗಿಲ್ಲ; ಹೊರಗಿನ ಓದುಗನು ಬುದ್ಧನನ್ನು ನೆನೆದಾನು. ಹೀಗೆ ಪಾರಿಸಪ್ಪ, ಪಾರಸಮಲ ಎಂಬ ಎರಡು ಹೆಸರುಗಳನ್ನು ‘ಪಾರ್ಶ್ವನಾಥ’ ಎಂದು ತಿದ್ದಿದರೆ ಕನ್ನಡ ಒಕ್ಕಲಿನವನೂ ಮಾರವಾಡದ ವರ್ತಕನೂ ಒಂದೇ ಆಗಿಬಿಡುತ್ತಾರೆ.

ಪ್ರತ್ಯಯಗಳಿಗೂ ಕಾಲವುಂಟು. ಅಬ್ಬೆ ಎಂದು ಮುಗಿಯುವ ಹೆಸರುಗಳು 10–12ನೆಯ ಶತಮಾನಗಳ ಶಾಸನಕಾವ್ಯಗಳಲ್ಲಿ ಹೆಚ್ಚು; ಹೊಯ್ಸಳರ ಕಾಲದಲ್ಲಿ ಲಕ್ಕಲೆ, ಶಾಂತಲೆ ಎಂಬಂತಹ ರೂಪಗಳು ಕಾಣಿಸಿಕೊಳ್ಳುತ್ತವೆ. ಅಯ್ಯ ಎಂಬ ಪ್ರತ್ಯಯವು ಇಂದು ಕಲಬುರಗಿಯ ಹಳ್ಳಿಗಳಲ್ಲಿ ಸಾಮಾನ್ಯವಾಗಿ ಜಂಗಮ ಮನೆತನಗಳ ಗುರುತು. ಆದರೆ ಪಂಪನ ತಂದೆ ಭೀಮಪಯ್ಯ. ಪೊನ್ನನಿಂದ ಶಾಂತಿಪುರಾಣವನ್ನು ಬರೆಯಿಸಿದವರಲ್ಲಿ ಒಬ್ಬನು ಪುನ್ನಮಯ್ಯ. ಇಂದಿನ ರೂಢಿಯನ್ನು ಹತ್ತನೆಯ ಶತಮಾನಕ್ಕೆ ಹಚ್ಚಬಾರದು. ಭೀಮಪಯ್ಯನ ಇನ್ನೊಬ್ಬ ಮಗನಾದ ಜಿನವಲ್ಲಭನು ಕುರ್ಕ್ಯಾಲದ ಬಂಡೆಯ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲಿಯೂ ಶಾಸನವನ್ನು ಬರೆಯಿಸಿದನು. ತಂದೆಯ ಹೆಸರಿನಲ್ಲಿ ತೋರದ ಜಿನಭಕ್ತಿ ಮಗನ ಹೆಸರಿನಲ್ಲಿ ತೋರುತ್ತದೆ.

ಒಬ್ಬ ವ್ಯಕ್ತಿಗೇ ಮನೆಯ ರೂಪ, ಕಾವ್ಯದ ರೂಪ ಎಂದು ಎರಡು ಹೆಸರುಗಳಿರುವುದನ್ನೂ ಮರೆಯಬಾರದು. ದಂಡನಾಯಕ ಗಂಗರಾಜನ ಹೆಂಡತಿಯು ಲಕ್ಕಲೆಯೂ ಹೌದು, ಲಕ್ಷ್ಮೀಮತಿಯೂ ಹೌದು. ಅವನ ತಾಯಿ ಪೋಚಿಕಬ್ಬೆಯೇ ಪೋಚಾಂಬಿಕೆ. ಮೂಡಬಿದಿರೆಯ ಧವಲಾ ಪ್ರತಿಯನ್ನು ಬರೆಯಿಸಿ ಶುಭಚಂದ್ರ ಸಿದ್ಧಾಂತದೇವರಿಗೆ ದಾನವಾಗಿತ್ತವಳು ದೇಮಿಯಕ್ಕ. ಶ್ರವಣಬೆಳಗೊಳದ ಶಾಸನವೊಂದರಲ್ಲಿ ಅದೇ ಗುರುವಿನ ಶಿಷ್ಯೆಯಾದ ದೇಮತಿ ಎಂಬುವಳು ಬರುತ್ತಾಳೆ; ದೇವಮತಿ ಎಂಬುದು ಅದರ ಸಂಸ್ಕೃತರೂಪ. ಇವರಿಬ್ಬರೂ ಒಬ್ಬಳೇ ಎಂಬ ವಿಚಾರವನ್ನು ವಿದ್ವಾಂಸರು ಎತ್ತಲು ಸಾಧ್ಯವಾದುದು ಪ್ರತಿಯಲ್ಲಿದ್ದ ‘ದೇಮಿ’ ಎಂಬ ರೂಪವನ್ನು ಯಾರೂ ತಿದ್ದದೆ ಉಳಿಸಿಕೊಂಡುದರಿಂದ. ಹಳೆಯ ಓಲೆಗಳಲ್ಲಿ ಎ–ಏ, ಒ–ಓ ಎಂಬ ಹ್ರಸ್ವದೀರ್ಘಗಳ ಭೇದ ಸಾಮಾನ್ಯವಾಗಿ ತೋರುವುದಿಲ್ಲ. ಪಕಾರ ವಕಾರಗಳು ಹಲವೊಮ್ಮೆ ಒಂದೇ ಬಗೆಯಾಗಿ ಕಾಣುತ್ತವೆ. ಗ್ರಂಥಭಾಗದಲ್ಲಿ ಛಂದಸ್ಸು ಓದುಗನ ನೆರವಿಗೆ ಬರುತ್ತದೆ; ಹೆಸರಿನಲ್ಲಿ ಆ ನೆರವೂ ಇಲ್ಲ. ಆದುದರಿಂದ ಅಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು.

ಮನುಷ್ಯನಿಂದ ದೇವರಿಗೆ, ದೇವರಿಂದ ಮನುಷ್ಯನಿಗೆ

ಹೆಸರು ಯಾವಾಗಲೂ ದೇವರಿಂದ ಮನುಷ್ಯನಿಗೆ ಇಳಿಯುತ್ತದೆ ಎಂದೇನೂ ಇಲ್ಲ. ರನ್ನನು ತನ್ನ ಮಗನಿಗೆ ರಾಯ ಎಂದೂ ಮಗಳಿಗೆ ಅತ್ತಿಮಬ್ಬೆ ಎಂದೂ ಹೆಸರಿಟ್ಟುದು ಆಶ್ರಯವಿತ್ತ ಚಾವುಂಡರಾಯ ಮತ್ತು ದಾನಚಿಂತಾಮಣಿ ಅತ್ತಿಮಬ್ಬೆಯರ ನೆನಪಿಗಾಗಿ. ಗೊಮ್ಮಟ ಎಂಬುದು ಚಾವುಂಡರಾಯನ ಮನೆಯ ಹೆಸರಾಗಿದ್ದು, ಅವನು ಮಾಡಿಸಿದ ಬಾಹುಬಲಿಯ ಮೂರ್ತಿಯು ಅದರಿಂದಲೇ ಗೊಮ್ಮಟೇಶ್ವರ, ಎಂದರೆ ಗೊಮ್ಮಟನ ಈಶ್ವರ, ಎನ್ನಿಸಿಕೊಂಡಿತೆಂದು ಆ. ನೇ. ಉಪಾಧ್ಯೆಯವರು ಪ್ರತಿಪಾದಿಸಿದ್ದಾರೆ; ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರವೂ ಅವನ ಹೆಸರಿನದೇ. ಮಂಜೇಶ್ವರದ ಗೋವಿಂದ ಪೈಗಳು ಮನ್ಮಥ ಶಬ್ದದಿಂದ ಗೊಮ್ಮಟವನ್ನು ಸಾಧಿಸಿದರು. ಉಪಾಧ್ಯೆಯವರ ಮತವನ್ನು ಒಪ್ಪಿದರೆ, ಒಂದು ಮನೆಯಲ್ಲಿ ಪ್ರೀತಿಯಿಂದ ಕರೆದ ಹೆಸರು ದೇವರ ಹೆಸರಾಗಿ, ಅನಂತರ ಗೊಮ್ಮಟ, ಭುಜಬಲಿ ಎಂದು ಮತ್ತೆ ಮನುಷ್ಯರಿಗೆ ಬಂದಿತೆನ್ನಬೇಕು. ಮೂಡಬಿದಿರೆ ಮೊದಲಾದ ಭಂಡಾರಗಳ ತಾಡಪತ್ರ ಗ್ರಂಥಸೂಚಿಯನ್ನು 1948ರಲ್ಲಿ ಪ್ರಕಟಿಸಿದ ಕೆ. ಭುಜಬಲಿ ಶಾಸ್ತ್ರಿಗಳ ಹೆಸರೂ ಈ ಪರಂಪರೆಯದೇ.

ಒಂದು ಹೆಸರಿನ ಬೆಲೆ

ಹೆಸರಿನ ಯಥಾರೂಪಕ್ಕೆ ಇಷ್ಟು ಬೆಲೆ ಏಕೆ ಎಂದು ಕೇಳುವವರಿಗೆ ಈ ನಾಡೇ ಉತ್ತರವನ್ನು ಕೊಟ್ಟಿದೆ. ಧರ್ಮಲಿಪಿಗಳಲ್ಲಿ ದೇವಾನಾಂಪ್ರಿಯನೆಂದು ಬಿರುದಿನಿಂದಲೇ ಕರೆದುಕೊಳ್ಳುವ ಅರಸನು ಅಶೋಕನೆಂದು ಸಿಂಹಳದ ಗ್ರಂಥಗಳ ಆಧಾರದಿಂದ ಊಹಿಸಿದ್ದರು. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ದೊರೆತ ಶಾಸನದಲ್ಲಿ ಆ ಬಿರುದಿನೊಂದಿಗೆ ಅಶೋಕನ ಹೆಸರೂ ಇದ್ದು ಊಹೆಯು ನಿಶ್ಚಯವಾಯಿತು. ಅನಂತರ ಭೀಮಾತೀರದ ಸನ್ನತಿಯ ಬಳಿಯ ಕನಗನಹಳ್ಳಿಯ ಸ್ತೂಪದ ಅವಶೇಷಗಳಲ್ಲಿ ಅರಸನ ಶಿಲ್ಪವೂ ಅದರ ಕೆಳಗೆ ‘ರಾಯೋ ಅಸೋಕೋ’ ಎಂಬ ಬರಹವೂ ದೊರೆತವು. ಕೆತ್ತಿದವನು ಸಂಸ್ಕೃತದ ಶಕಾರವನ್ನು ಬಳಸಲಿಲ್ಲ. ತನ್ನ ಪ್ರಾಕೃತದಲ್ಲಿ ಬಾಯಿಗೆ ಬಂದಂತೆ ಬರೆದನು. ಒಂದು ಹೆಸರು ಇದ್ದ ರೂಪದಲ್ಲಿಯೇ ಉಳಿದುದರಿಂದ ಚರಿತ್ರೆಗೆ ಆದ ಲಾಭವನ್ನು ಬೇರೆ ಹೇಳಬೇಕಾಗಿಲ್ಲ.

ಉಪಸಂಹಾರ

ಈ ವಿವೇಚನೆಯಿಂದ ಸೂಚೀಕಾರರು ಪಾಲಿಸಬೇಕಾದ ಕೆಲವು ನಿಯಮಗಳು ಹೊರಡುತ್ತವೆ. ಮೊದಲನೆಯದಾಗಿ, ಪ್ರಶಸ್ತಿ ಮತ್ತು ಪುಷ್ಪಿಕೆಗಳಲ್ಲಿರುವ ಹೆಸರನ್ನು ಅಕ್ಷರಶಃ ನಕಲು ಮಾಡಬೇಕು. ಶುದ್ಧರೂಪವನ್ನು ಸೂಚಿಸಬೇಕೆನಿಸಿದರೆ ಅದನ್ನು ಪಕ್ಕದಲ್ಲಿ ಬೇರೆಯಾಗಿ ಕೊಡಬೇಕು. ಎರಡನೆಯದಾಗಿ, ಹೆಸರಿನ ಜೊತೆಗೆ ಊರು, ತಂದೆತಾಯಿಗಳು, ಗುರು, ವ್ರತಗಳ ಉಲ್ಲೇಖವಿದ್ದರೆ ಅದನ್ನು ಬಿಡಬಾರದು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿಯಿರುವುದರಿಂದ ಹೆಸರೊಂದರಿಂದಲೇ ಇಬ್ಬರನ್ನು ಒಬ್ಬನೆಂದು ಭಾವಿಸುವ ಅಪಾಯವುಂಟು. ಮೂರನೆಯದಾಗಿ, ಹೆಸರನ್ನು ಧರ್ಮಕ್ಕೆ ಏಕೈಕ ಪ್ರಮಾಣವಾಗಿ ಬಳಸಬಾರದು. ಮಂಗಳಾಚರಣೆ, ಗುರುಪರಂಪರೆ, ದಾನದ ಸಂದರ್ಭ ಇವುಗಳ ಬೆಂಬಲವಿದ್ದಾಗ ಮಾತ್ರ ಅದು ಸಾಕ್ಷ್ಯ. ನಾಲ್ಕನೆಯದಾಗಿ, ಆಯಾ ಸೀಮೆಯಲ್ಲಿ ಇಂದು ಬಳಕೆಯಲ್ಲಿರುವ ಹೆಸರುಗಳ ಪಟ್ಟಿಯನ್ನು ಹಿರಿಯರಿಂದ ಕೇಳಿ ಬರೆದಿಟ್ಟುಕೊಳ್ಳಬೇಕು. ಪಾರಿಸ, ಭರಮ, ತವನ ಎಂಬ ಹೆಸರುಗಳನ್ನು ಕಿವಿಯಿಂದ ಕೇಳಿದವನು ಓಲೆಯಲ್ಲಿ ಅವುಗಳನ್ನು ತಪ್ಪಾಗಿ ಓದುವುದಿಲ್ಲ.

ಈ ಕೊನೆಯ ಕಾರ್ಯವನ್ನು ತಡಮಾಡುವಂತಿಲ್ಲ. ಶಾಲೆಯ ಹಾಜರಿ ಪುಸ್ತಕದಲ್ಲಿ, ಸರ್ಕಾರದ ಕಾಗದಪತ್ರಗಳಲ್ಲಿ ಹೆಸರುಗಳು ಸಂಸ್ಕೃತರೂಪವನ್ನು ತಾಳುತ್ತಿವೆ. ಹೊಸದಾಗಿ ಹುಟ್ಟಿದ ಮಕ್ಕಳಿಗೆ ತಿಪ್ಪಣ್ಣ, ಸಾಯಬಣ್ಣ, ಪಾರಿಸಪ್ಪ ಎಂದು ಹೆಸರಿಡುವವರು ವಿರಳವಾಗುತ್ತಿದ್ದಾರೆ. ಅದು ಅವರವರ ಇಚ್ಛೆ. ನಾಮನಿಕ್ಷೇಪಕ್ಕೆ ಪುರುಷನ ಇಚ್ಛೆಯೇ ಆಧಾರವೆಂದು ಪೂಜ್ಯಪಾದರೇ ಹೇಳಿದ್ದಾರೆ. ಆದರೆ ಓಲೆಯಲ್ಲಿ ಬರೆದಿಟ್ಟು ಹೋದವನ ಇಚ್ಛೆಯನ್ನು ಬದಲಿಸುವ ಅಧಿಕಾರ ಯಾರಿಗೂ ಇಲ್ಲ. ಹಸ್ತಪ್ರತಿಗಳ ಸೂಚಿಗಳು ಈಗ ಗಣಕಯಂತ್ರಕ್ಕೆ ಏರುತ್ತಿರುವುದರಿಂದ ಒಮ್ಮೆ ತಿದ್ದಿದ ಹೆಸರು ಎಲ್ಲೆಡೆಯೂ ತಿದ್ದಿದಂತೆಯೇ ಹರಡುತ್ತದೆ. ಮೂಲರೂಪವನ್ನು ಹುಡುಕಿ ಬಂದವನಿಗೆ ಅದು ಎಂದಿಗೂ ಸಿಗದು. ವ್ರತದ ಉದ್ಯಾಪನೆಗೆಂದು ಗ್ರಂಥವನ್ನು ಬರೆಯಿಸಿದ ಶ್ರಾವಿಕೆಗೂ, ಕಣ್ಣು ಸೊಂಟ ನೋಯಿಸಿಕೊಂಡು ಬರೆದ ಲಿಪಿಕಾರನಿಗೂ ಈ ಲೋಕದಲ್ಲಿ ಉಳಿದಿರುವುದು ಆ ಒಂದು ಹೆಸರು ಮಾತ್ರ. ಅದನ್ನು ಅವರು ಬರೆದಂತೆಯೇ ಮುಂದಿನವರಿಗೆ ಒಪ್ಪಿಸುವುದು ಶ್ರುತಸೇವೆಯ ಒಂದು ಭಾಗವೇ ಆಗಿದೆ.